ಗುರು ಗ್ರಹ ಅನಿಲವಾ, ದ್ರವವಾ? ಮಗಳಿಗೆ ಒಂದು ಅಂಕ ಹೋಯಿತು

ಕುವೆಂಪುನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎಂಟನೇ ತರಗತಿ. ಹೋದ ವಾರದ ವಿಜ್ಞಾನ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ‘ಗುರು ಗ್ರಹದ ಹೆಚ್ಚಿನ ಭಾಗ ಯಾವ ಸ್ಥಿತಿಯಲ್ಲಿದೆ? ಘನ, ದ್ರವ, ಅನಿಲ.’ ಇವಳು ದ್ರವ ಅಂತ ಗುರುತು ಹಾಕಿದ್ದಾಳೆ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿ, ಪಕ್ಕದಲ್ಲಿ ‘ಅನಿಲ ದೈತ್ಯ’ ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದು ಕಳಿಸಿದ್ದಾರೆ.

ಒಂದು ಅಂಕ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ ಅವಳು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. “ಅಮ್ಮಾ, ಅದು ಬರೀ ಗ್ಯಾಸ್ ಆದರೆ ಊದುಬತ್ತಿ ಹೊಗೆ ತರಹ ಯಾಕೆ ಚದುರಿ ಹೋಗಲ್ಲ? ಅಷ್ಟು ದೊಡ್ಡ ಉಂಡೆಯ ಒಳಗೂ ಗಾಳಿಯೇ ಇರುತ್ತಾ?” ಅಂತ. ನಾನು ಓದಿದ್ದು ವಾಣಿಜ್ಯ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ಇವಳು ಬರೆದಿದ್ದು ನಿಜಕ್ಕೂ ತಪ್ಪಾ?

ಪಿಯುಸಿ ಹುಡುಗನ ಅಪ್ಪ, ಮಂಡ್ಯ

ಮೇಡಂ, ಪುಸ್ತಕದಲ್ಲಿ ಅನಿಲ ದೈತ್ಯ ಅಂತ ಇದೆ. ಪರೀಕ್ಷೆಯಲ್ಲಿ ಪುಸ್ತಕದ ಉತ್ತರವನ್ನೇ ಬರೆಯಬೇಕು. ಮುಂದೆ ಎಸ್ಸೆಸ್ಸೆಲ್ಸಿಯಲ್ಲೂ ಇದೇ ಕತೆ. ಈಗಿನಿಂದಲೇ ಅಭ್ಯಾಸ ಆಗಲಿ.

ಗಂಗೋತ್ರಿ ಭೌತಶಾಸ್ತ್ರ

ಅಕ್ಕಾ, ನಿಮ್ಮ ಮಗಳು ಬರೆದಿದ್ದೇ ನಿಜಕ್ಕೆ ಹತ್ತಿರ. ನಾನು ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ, ಇದು ನನಗೆ ತುಂಬ ಇಷ್ಟದ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ಯಾವುದರಿಂದ ಆಗಿದೆ ಅನ್ನೋದು. ಗುರುವಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಜಲಜನಕ. ಉಳಿದ ಕಾಲು ಪಾಲಿನಲ್ಲಿ ಹೆಚ್ಚು ಕಡಿಮೆ ಎಲ್ಲವೂ ಹೀಲಿಯಂ. ಮಿಕ್ಕ ನೀರು, ಅಮೋನಿಯ, ಮೀಥೇನ್, ಕಲ್ಲು, ಲೋಹ ಎಲ್ಲ ಸೇರಿದರೂ ಸ್ವಲ್ಪವೇ. ಸೂರ್ಯನೂ ಹೆಚ್ಚು ಕಡಿಮೆ ಇದೇ ಪದಾರ್ಥದ್ದು. ಇಬ್ಬರೂ ಹುಟ್ಟಿದ್ದು ಒಂದೇ ಮೋಡದಿಂದ.

ಈಗ ಸ್ಥಿತಿ. ನಾವು ಹೊರಗಿನಿಂದ ನೋಡುವ ಪಟ್ಟೆಗಳು ಅಮೋನಿಯ ಹರಳಿನ ಮೋಡಗಳು. ಅದರ ಕೆಳಗೆ ಅಮೋನಿಯ ಮತ್ತು ಗಂಧಕ ಸೇರಿದ ಇನ್ನೊಂದು ಮೋಡ. ಇನ್ನೂ ಕೆಳಗೆ ನಮ್ಮ ಹಾಗೆ ನೀರಿನ ಮೋಡ. ಇಷ್ಟೂ ಸೇರಿ ಸಿಪ್ಪೆಯಷ್ಟು ತೆಳು. ಗುರುವಿನ ಮೇಲಿನಿಂದ ನಡುವಿಗೆ ಸುಮಾರು 71,000 ಕಿ.ಮೀ. ಇಳಿಯುತ್ತಾ ಹೋದ ಹಾಗೆ ಮೇಲಿನ ಭಾರ ಅದುಮುತ್ತದೆ. ಜಲಜನಕ ದಟ್ಟವಾಗುತ್ತಾ ಹೋಗಿ ದ್ರವದಂತೆ ಆಗುತ್ತದೆ. ಇನ್ನೂ ಒಳಗೆ, ನಮ್ಮ ಗಾಳಿಯ ಒತ್ತಡದ ಹತ್ತಾರು ಲಕ್ಷ ಪಟ್ಟು ಒತ್ತಡದಲ್ಲಿ, ಅದೇ ಜಲಜನಕ ಲೋಹದ ಗುಣ ಪಡೆಯುತ್ತದೆ. ಕರಗಿದ ಲೋಹ ಅನ್ನಬಹುದು. ಗುರುವಿನ ತೂಕದ ಬಹುಪಾಲು ಇರುವುದು ಅಲ್ಲಿ. ಅಂದರೆ ‘ಅನಿಲ’ ಅನ್ನೋ ಹೆಸರು ಹೊರಗಿನ ಸಿಪ್ಪೆಗೆ ಮಾತ್ರ ಸರಿಹೋಗುತ್ತದೆ.

ಸರಸ್ವತಿಪುರಂ ಓದುಗ

ಲೋಹದ ಜಲಜನಕವಾ? ಇದು ಸುಮ್ನೆ ಊಹೆ ಅಲ್ವಾ? ಯಾರು ನೋಡಿದ್ದಾರೆ?

ಗಂಗೋತ್ರಿ ಭೌತಶಾಸ್ತ್ರ

ಊಹೆಯಾಗಿ ಶುರುವಾಗಿದ್ದು ನಿಜ ಸರ್. 1935ರಲ್ಲಿ ವಿಗ್ನರ್ ಮತ್ತು ಹಂಟಿಂಗ್‌ಟನ್ ಅನ್ನುವ ಭೌತವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದರು. ತುಂಬ ಅದುಮಿದರೆ ಜಲಜನಕದ ಎಲೆಕ್ಟ್ರಾನ್‌ಗಳು ಒಂದು ಅಣುವಿಗೆ ಅಂಟಿಕೊಂಡಿರದೆ ತಾಮ್ರದ ತಂತಿಯೊಳಗಿನ ಹಾಗೆ ಓಡಾಡುತ್ತವೆ ಅಂತ. 1996ರಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ದ್ರವ ಜಲಜನಕಕ್ಕೆ ಬಲವಾದ ಹೊಡೆತ ಕೊಟ್ಟು, ಸುಮಾರು 14 ಲಕ್ಷ ಪಟ್ಟು ಒತ್ತಡದಲ್ಲಿ ಅದು ಲೋಹದಂತೆ ವಿದ್ಯುತ್ ಹರಿಸುವುದನ್ನು ಅಳೆದರು. ಕ್ಷಣಮಾತ್ರಕ್ಕೆ, ಆದರೂ ಅಳೆದರು.

ಇನ್ನೊಂದು ಸಾಕ್ಷಿ ಗುರುವಿನ ಕಾಂತಕ್ಷೇತ್ರ. ಗ್ರಹಗಳಲ್ಲೇ ಅದು ಅತಿ ಬಲವಾದದ್ದು. ಬರೀ ಗಾಳಿಯಿಂದ ಅಷ್ಟು ದೊಡ್ಡ ಕಾಂತ ಆಗುವುದಿಲ್ಲ. ವಿದ್ಯುತ್ ಹರಿಯುವ ಏನೋ ಒಂದು ಒಳಗೆ ಕದಡುತ್ತಾ ತಿರುಗುತ್ತಿರಬೇಕು. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ, ಗೊತ್ತಲ್ಲ.

ಗ್ಯಾಸ್ ಗಾಡಿ, ನಂಜನಗೂಡು ರಸ್ತೆ

ನಾನು ಸಿಲಿಂಡರ್ ಡೆಲಿವರಿ ಮಾಡುವವನು. ಇದನ್ನು ನಾನು ದಿನಾ ಕೈಯಲ್ಲಿ ಹಿಡಿದು ನೋಡುತ್ತೇನೆ. ಎಲ್ಲರೂ ಗ್ಯಾಸ್ ಅಂತಾರೆ. ಆದರೆ 14.2 ಕೆ.ಜಿ. ತುಂಬಿದ ಸಿಲಿಂಡರ್ ಹೆಗಲ ಮೇಲಿಟ್ಟು ಮೆಟ್ಟಿಲು ಹತ್ತಿ, ಒಳಗೆ ನೀರು ಅಲುಗಾಡಿದ ಹಾಗೆ ಗೊತ್ತಾಗುತ್ತದೆ. ಅದು ಒಳಗೆ ದ್ರವ. ಒತ್ತಿ ತುಂಬಿರುತ್ತಾರೆ. ಒಲೆಗೆ ಬರುವಾಗ ಮಾತ್ರ ಗ್ಯಾಸ್. ಗುರುವೂ ಹಾಗೇನೇ ಅಂತ ಅಂದುಕೊಂಡೆ. ಮಗು ಸರಿಯಾಗಿ ಬರೆದಿದೆ ಮೇಡಂ.

ಕುವೆಂಪುನಗರದ ಅಮ್ಮ

ಅಣ್ಣಾ, ಇದನ್ನು ಅವಳಿಗೆ ಓದಿ ಹೇಳಿದೆ. ಓಡಿಹೋಗಿ ಅಡುಗೆಮನೆಯ ಸಿಲಿಂಡರನ್ನು ಮೆಲ್ಲಗೆ ಅಲ್ಲಾಡಿಸಿ, ಕಿವಿ ಇಟ್ಟು ಕೇಳಿ ಬಂದಳು.

ನಿವೃತ್ತ ಮೇಷ್ಟ್ರು, ಮದ್ದೂರು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಎರಡು ಮಾತು.

ಒಂದು, ಆ ಶಿಕ್ಷಕರನ್ನು ಯಾರೂ ಬೈಯಬೇಡಿ. ಐವತ್ತು ಉತ್ತರಪತ್ರಿಕೆ ಎದುರಿಗಿಟ್ಟುಕೊಂಡು ರಾತ್ರಿ ಹನ್ನೊಂದಕ್ಕೆ ತಿದ್ದುವವರ ಕಷ್ಟ ನನಗೆ ಗೊತ್ತು. ತಪ್ಪು ಇರುವುದು ಪ್ರಶ್ನೆಯಲ್ಲಿ. ಘನ, ದ್ರವ, ಅನಿಲ ಅಂತ ಮೂರೇ ಮನೆ ಕಟ್ಟಿ, ನಾಲ್ಕನೆಯವನನ್ನು ಯಾವುದಾದರೂ ಒಂದರೊಳಗೆ ಹೋಗು ಅಂದರೆ ಹೇಗೆ?

ಎರಡು, ಸಿಲಿಂಡರ್ ಉದಾಹರಣೆ ಚೆನ್ನಾಗಿದೆ, ಆದರೆ ಪೂರ್ತಿ ಹೊಂದುವುದಿಲ್ಲ. ಸಿಲಿಂಡರಿನೊಳಗೆ ದ್ರವಕ್ಕೊಂದು ಮಟ್ಟ ಇದೆ. ಕೆಳಗೆ ದ್ರವ, ಮೇಲೆ ಆವಿ, ನಡುವೆ ಗಡಿ. ಅದಕ್ಕೇ ಅಲುಗಾಡಿದ್ದು ಗೊತ್ತಾಗುವುದು. ಗುರುವಿನಲ್ಲಿ ಆ ಗಡಿಯೇ ಇಲ್ಲ. ಜಲಜನಕ ಸೊನ್ನೆಗಿಂತ 240 ಡಿಗ್ರಿ ಕೆಳಗಿದ್ದರೆ ಮಾತ್ರ ಹಾಗೆ ದ್ರವ ಬೇರೆ, ಆವಿ ಬೇರೆ ಅಂತ ಎರಡಾಗಿ ನಿಲ್ಲುತ್ತದೆ. ಗುರುವಿನ ಮೋಡದ ಹತ್ತಿರವೇ ಅದಕ್ಕಿಂತ ನೂರಕ್ಕೂ ಹೆಚ್ಚು ಡಿಗ್ರಿ ಬಿಸಿ. ಹಾಗಾಗಿ ಅದು ಗಾಳಿಯಿಂದ ನಿಧಾನಕ್ಕೆ ದಟ್ಟವಾಗುತ್ತಾ ಹೋಗುತ್ತದೆ. ಇಲ್ಲಿಂದ ಸಮುದ್ರ ಶುರು ಅನ್ನುವ ಹಾಗೆ ಒಂದು ಜಾಗ ಸಿಗುವುದಿಲ್ಲ.

ಪಿಯುಸಿ ಹುಡುಗನ ಅಪ್ಪ, ಮಂಡ್ಯ

ಹಾಗಾದರೆ ದ್ರವ ಅನ್ನೋದೂ ತಪ್ಪೇ ಆಯಿತಲ್ಲ ಮೇಷ್ಟ್ರೇ. ಅಂಕ ಹೋಗಿದ್ದು ಸರಿ.

ನಿವೃತ್ತ ಮೇಷ್ಟ್ರು, ಮದ್ದೂರು

ಅಲ್ಲಪ್ಪ. ಮೂರರಲ್ಲಿ ಒಂದನ್ನು ಆರಿಸಲೇಬೇಕು ಅಂದರೆ ಹೆಚ್ಚಿನ ಭಾಗಕ್ಕೆ ದ್ರವವೇ ಹತ್ತಿರ. ನಾನಾಗಿದ್ದರೆ ಅಂಕ ಕೊಡುತ್ತಿದ್ದೆ. ಆ ಮಗುವನ್ನು ನಿಲ್ಲಿಸಿ, ಯಾಕೆ ಹಾಗೆ ಬರೆದೆ ಅಂತ ಇಡೀ ತರಗತಿಗೆ ಹೇಳಿಸುತ್ತಿದ್ದೆ.

ಪಾಂಡವಪುರ ಆಲೆಮನೆ

ಗಡಿ ಇಲ್ಲ ಅನ್ನೋ ಮಾತು ಓದಿ ನಮ್ಮ ಕೊಪ್ಪರಿಗೆ ನೆನಪಾಯಿತು. ನಮ್ಮದು ಆಲೆಮನೆ, ಅಪ್ಪನ ಕಾಲದಿಂದ. ಗಾಣದಿಂದ ಬಂದ ಕಬ್ಬಿನ ಹಾಲು ನೀರಿನಷ್ಟೇ ತೆಳು. ಒಲೆಗೆ ಸಿಪ್ಪೆ ಹಾಕುತ್ತಾ ಕುದಿಸುತ್ತೀವಿ. ಮಡ್ಡಿ ತೆಗೀತೀವಿ. ಮೊದಲು ಸಣ್ಣ ಸಣ್ಣ ಗುಳ್ಳೆ. ಆಮೇಲೆ ಗುಳ್ಳೆ ದೊಡ್ಡದಾಗಿ, ಒಡೆಯುವಾಗ ಬೇರೆ ಥರ ಸದ್ದು ಬರುತ್ತದೆ. ಬಣ್ಣ ಕೆಂಪಾಗುತ್ತದೆ. ಸ್ವಲ್ಪ ಪಾಕ ತೆಗೆದು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತೀವಿ. ಇಷ್ಟರಲ್ಲಿ ಹಾಲು ಹೋಗಿ ಪಾಕ ಆಗಿದ್ದು ಯಾವ ನಿಮಿಷ ಅಂತ ಕೇಳಿದರೆ ನಮ್ಮ ಅಪ್ಪನಿಗೂ ಹೇಳೋಕೆ ಆಗಲ್ಲ. ಹಾಲು ಹಾಲೇ, ಪಾಕ ಪಾಕವೇ. ನಡುವೆ ಗೆರೆ ಇಲ್ಲ.

ಮೇಷ್ಟ್ರೇ, ಇದು ಸರಿ ಹೊಂದುತ್ತಾ?

ನಿವೃತ್ತ ಮೇಷ್ಟ್ರು, ಮದ್ದೂರು

ಹೊಂದುತ್ತದೆ ಕಣಪ್ಪ, ನನ್ನ ಪಾಠಕ್ಕಿಂತ ಚೆನ್ನಾಗಿ ಹೊಂದುತ್ತದೆ. ಒಂದೇ ವ್ಯತ್ಯಾಸ. ನಿನ್ನಲ್ಲಿ ಬೆಂಕಿ ನೀರನ್ನು ಆರಿಸಿ ಗಟ್ಟಿ ಮಾಡುತ್ತದೆ. ಅಲ್ಲಿ ಮೇಲಿನ ಭಾರವೇ ಅದುಮಿ ಗಟ್ಟಿ ಮಾಡುತ್ತದೆ.

ಒಂಟಿಕೊಪ್ಪಲ್ ಗೃಹಿಣಿ

ಮಂಡ್ಯದ ಬೆಲ್ಲದ ವಿಷಯ ಬಂತಲ್ಲ, ಈ ಹಳದಿ ಬಣ್ಣದ ಬೆಲ್ಲ ತಗೋಬೇಡಿ. ಕಪ್ಪಗಿರೋದೇ ಒಳ್ಳೆಯದು.

ಪಾಂಡವಪುರ ಆಲೆಮನೆ

ಹೌದಮ್ಮ. ನಾವು ಮಡ್ಡಿ ತೆಗೆಯೋಕೆ ಬೆಂಡೆ ಗಿಡದ ಲೋಳೆ ಹಾಕುತ್ತೀವಿ. ಬಣ್ಣ ಮಂಕಾಗೇ ಇರುತ್ತದೆ.

ಸರಸ್ವತಿಪುರಂ ಓದುಗ

ಬೆಲ್ಲ ಆಮೇಲೆ. ಮಗುವಿನ ಮೊದಲ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಹೊಗೆ ತರಹ ಯಾಕೆ ಚದುರಲ್ಲ?

ಗಂಗೋತ್ರಿ ಭೌತಶಾಸ್ತ್ರ

ನಿಜ, ಬಿಟ್ಟೇ ಹೋಯಿತು. ಗುರುವಿನ ತೂಕ ಭೂಮಿಯ 318 ಪಟ್ಟು. ಅದರ ಹಿಡಿತ ಬಿಡಿಸಿಕೊಂಡು ಹೋಗಬೇಕಾದರೆ ಸೆಕೆಂಡಿಗೆ ಸುಮಾರು 60 ಕಿ.ಮೀ. ವೇಗ ಬೇಕು. ಭೂಮಿಯಿಂದ ಹೋಗೋಕೆ 11 ಕಿ.ಮೀ. ಸಾಕು. ಗುರುವಿನ ಮೋಡದ ಚಳಿಯಲ್ಲಿ ಜಲಜನಕದ ಅಣು ಓಡುವುದು ಸೆಕೆಂಡಿಗೆ ಒಂದೂವರೆ ಕಿ.ಮೀ. ಆಸುಪಾಸು. ಎಲ್ಲಿಗೂ ಹೋಗೋಕಾಗಲ್ಲ. ನಮ್ಮ ಭೂಮಿ ಚಿಕ್ಕದು, ಸೂರ್ಯನಿಗೂ ಹತ್ತಿರ. ಹಗುರವಾದ ಜಲಜನಕ, ಹೀಲಿಯಂ ನಮ್ಮ ಕೈ ತಪ್ಪಿ ಹೋಗುತ್ತವೆ. ಊದುಬತ್ತಿ ಹೊಗೆಯನ್ನು ಹಿಡಿದಿಡೋಕೆ ಊದುಬತ್ತಿಗೆ ಅಂಥ ಸೆಳೆತ ಇಲ್ಲ, ಅಷ್ಟೇ.

ಕೆ.ಆರ್. ಮೊಹಲ್ಲಾ

ಜಲಜನಕ ಅಂದರೆ ಉರಿಯುವ ಅನಿಲ ಅಲ್ವಾ? ಒಂದು ಕಿಡಿ ಬಿದ್ದರೆ ಇಡೀ ಗುರು ಹತ್ತಿಕೊಳ್ಳಲ್ವಾ?

ಮೇಲುಕೋಟೆ ಟೆಲಿಸ್ಕೋಪ್

ಉರಿಯಬೇಕಾದರೆ ಆಮ್ಲಜನಕ ಬೇಕಲ್ಲ. ಅಲ್ಲಿರುವ ಆಮ್ಲಜನಕವೆಲ್ಲ ಆಗಲೇ ಜಲಜನಕದ ಜೊತೆ ಸೇರಿ ನೀರಾಗಿದೆ. ಕಿಡಿಗಿಂತ ದೊಡ್ಡದೇ ಬಿದ್ದಿದೆ. 1994ರ ಜುಲೈಯಲ್ಲಿ ಶೂಮೇಕರ್-ಲೆವಿ 9 ಅನ್ನುವ ಧೂಮಕೇತು ಚೂರುಚೂರಾಗಿ ಗುರುವಿಗೆ ಅಪ್ಪಳಿಸಿತು. ಕಪ್ಪು ಕಲೆಗಳು ಎದ್ದವು. ಕೆಲವು ಕಲೆ ಭೂಮಿಯಷ್ಟು ದೊಡ್ಡವು. ಹತ್ತಿ ಉರಿಯಲಿಲ್ಲ.

ಪಿಯುಸಿ ಹುಡುಗನ ಅಪ್ಪ, ಮಂಡ್ಯ

ಸರಿ, ಒಪ್ಪಿದೆ. ಆದರೆ ಇಷ್ಟೆಲ್ಲ ಒಳಗಿನ ವಿಷಯ ದೂರದಲ್ಲಿ ಕೂತು ಹೇಗೆ ಗೊತ್ತಾಯಿತು? ಯಾರಾದರೂ ಇಳಿದಿದ್ದಾರಾ?

ಗಂಗೋತ್ರಿ ಭೌತಶಾಸ್ತ್ರ

ಇಳಿಸಿದ್ದಾರೆ ಸರ್. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಒಂದು ಪುಟ್ಟ ಯಂತ್ರ ಗುರುವಿನೊಳಗೆ ಧುಮುಕಿತು. ಒಳಗೆ ನುಗ್ಗಿದ ವೇಗ ಸೆಕೆಂಡಿಗೆ ಸುಮಾರು 47 ಕಿ.ಮೀ. ಆ ವೇಗದಲ್ಲಿ ಹೊರಟರೆ ಮೈಸೂರಿನಿಂದ ಬೆಂಗಳೂರು ಮೂರು ಸೆಕೆಂಡ್. ಆಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿಯುತ್ತಾ 58 ನಿಮಿಷ ಮಾಹಿತಿ ಕಳಿಸಿತು. ಕೊನೆಯಲ್ಲಿ ಒತ್ತಡ ನಮ್ಮ ಗಾಳಿಯ 22 ಪಟ್ಟು, ಬಿಸಿ 150 ಡಿಗ್ರಿ ದಾಟಿತ್ತು. ಅಲ್ಲಿಗೆ ಅದರ ದನಿ ನಿಂತಿತು.

ಅದು ಇಳಿದ ಆಳ ಸುಮಾರು 150 ಕಿ.ಮೀ. ಅಂದರೆ ಅದೂ ಮೈಸೂರು-ಬೆಂಗಳೂರು ದೂರವೇ. ಒಟ್ಟು ಆಳ 71,000 ಕಿ.ಮೀ. ಅಷ್ಟು ಇಳಿದರೂ ಕಾಲಿಗೆ ನೆಲ ಸಿಗಲಿಲ್ಲ, ದ್ರವವೂ ಸಿಗಲಿಲ್ಲ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಒಂಟಿಯಾಗಿ ಆ ಕತ್ತಲಲ್ಲಿ ಇಳಿಯುತ್ತಾ ಇಳಿಯುತ್ತಾ ಕೊನೆಯ ಅಂಕಿಯವರೆಗೂ ಕಳಿಸಿದ ಯಂತ್ರ ಅದು.

ಅದು ಕಳಿಸಿದ್ದರಲ್ಲಿ ಒಂದು ವಿಚಿತ್ರ ಇತ್ತು. ನಿಯಾನ್ ಅನಿಲ ಇರಬೇಕಾದ್ದರ ಹತ್ತನೇ ಒಂದು ಪಾಲು ಮಾತ್ರ ಸಿಕ್ಕಿತು. ಹೀಲಿಯಂ ಕೂಡ ಸೂರ್ಯ ಹುಟ್ಟಿದಾಗ ಇದ್ದುದಕ್ಕಿಂತ ಸ್ವಲ್ಪ ಕಡಿಮೆ. ಎಲ್ಲಿ ಹೋಯಿತು? ಒಳಗೆ ಜಲಜನಕ ಲೋಹವಾಗುವ ಕಡೆ ಹೀಲಿಯಂ ಅದರ ಜೊತೆ ಬೆರೆಯುವುದಿಲ್ಲ. ಸಾರಿನ ಮೇಲೆ ಎಣ್ಣೆ ಬೇರೆಯಾದ ಹಾಗೆ ಬೇರೆಯಾಗಿ, ಹನಿ ಕಟ್ಟಿ ಕೆಳಗೆ ಬೀಳುತ್ತದೆ. ಹೀಲಿಯಂ ಮಳೆ! ಆ ಹನಿಗಳಲ್ಲಿ ನಿಯಾನ್ ಕರಗಿ ಅದೂ ಜೊತೆಗೆ ಹೋಗುತ್ತದೆ. ಲೆಕ್ಕ ಹಾಕಿ ಮೊದಲೇ ಹೇಳಿದ್ದ ಮಾತಿಗೆ ಈ ನಿಯಾನ್ ಸಾಕ್ಷಿಯಾಯಿತು.

ಹೆಸರಘಟ್ಟ ಬಿಟ್ಟು ಹುಣಸೂರು ಸೇರಿದವ

ಹೀಲಿಯಂ ಅಂದ ಕೂಡಲೇ ಹೇಳಬೇಕು ಅನ್ನಿಸಿತು. ಆ ಹೆಸರು ಬಂದಿದ್ದೇ ಸೂರ್ಯನಿಂದ, ಮತ್ತು ಆ ಕತೆ ನಮ್ಮ ಕಡೆಯದು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ದಕ್ಷಿಣ ಭಾರತದ ಮೇಲೆ ಹಾದುಹೋಯಿತು. ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಗುಂಟೂರಿನಿಂದ ನೋಡಿದರು. ನಮ್ಮ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಅನ್ನುವ ಸೇನಾಧಿಕಾರಿ ಉಪಕರಣ ಹೂಡಿ ಕೂತಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದ್ದು ಆಗಲೇ. ಅದರ ಹಳದಿ ಗೆರೆ ಭೂಮಿಯ ಮೇಲೆ ಗೊತ್ತಿದ್ದ ಯಾವ ಪದಾರ್ಥದ್ದೂ ಅಲ್ಲ ಅಂತ ಆಮೇಲೆ ತಿಳಿಯಿತು. ಭೂಮಿಯಲ್ಲಿ ಹೀಲಿಯಂ ಸಿಕ್ಕಿದ್ದು 1895ರಲ್ಲಿ.

ಒಂಟಿಕೊಪ್ಪಲ್ ಗೃಹಿಣಿ

ಜಮಖಂಡಿಯಲ್ಲಾ! ನಮ್ಮ ಅತ್ತೆಯ ತವರು ಆ ಕಡೆ. ಇದನ್ನು ಅವರಿಗೆ ಹೇಳುತ್ತೇನೆ.

ಸರಸ್ವತಿಪುರಂ ಓದುಗ

ಜಲಜನಕ ಅನ್ನೋ ಬದಲು ಎಲ್ಲರೂ ಹೈಡ್ರೋಜನ್ ಅಂತಲೇ ಬರೆಯಬಾರದಾ? ಮಕ್ಕಳಿಗೆ ಮುಂದೆ ಕಾಲೇಜಿನಲ್ಲಿ ಗೊಂದಲ.

ನಿವೃತ್ತ ಮೇಷ್ಟ್ರು, ಮದ್ದೂರು

ಯಾಕಪ್ಪಾ? ಜಲಜನಕ ಅಂದರೆ ನೀರು ಹುಟ್ಟಿಸುವುದು. ಹೈಡ್ರೋಜನ್ ಅಂದರೂ ಗ್ರೀಕಿನಲ್ಲಿ ಅದೇ ಅರ್ಥ. ಮಗು ಎರಡೂ ಕಲಿಯಲಿ. ಹೆಸರಿನಲ್ಲೇ ಒಂದು ಪಾಠ ಇದೆ, ಅದನ್ನು ಯಾಕೆ ಕಳೆಯಬೇಕು.

ಕೆ.ಆರ್. ಮೊಹಲ್ಲಾ

ಶನಿಯೂ ಹೀಗೇನಾ? ನೀರಲ್ಲಿ ಬಿಟ್ಟರೆ ತೇಲುತ್ತದೆ ಅಂತ ಕೇಳಿದ್ದೆ. ಕನ್ನಂಬಾಡಿಯಷ್ಟು ನೀರು ಸಾಲಲ್ಲ ಅನ್ನಿ.

ಮೇಲುಕೋಟೆ ಟೆಲಿಸ್ಕೋಪ್

ಸರಾಸರಿ ಲೆಕ್ಕದಲ್ಲಿ ಶನಿ ನೀರಿಗಿಂತ ಹಗುರ, ನೀರಿನ 0.69 ಪಟ್ಟು. ಆದರೆ ತೇಲುತ್ತದೆ ಅನ್ನೋ ಮಾತು ಮಕ್ಕಳ ತಲೆಗೆ ತಪ್ಪು ಚಿತ್ರ ಕೊಡುತ್ತದೆ. ಶನಿ ಚೆಂಡಲ್ಲ. ಒಳಭಾಗ ನೀರಿಗಿಂತ ಎಷ್ಟೋ ದಟ್ಟ, ಹೊರಭಾಗ ತುಂಬ ತೆಳು. ಪದಾರ್ಥ ಗುರುವಿನದ್ದೇ, ಜಲಜನಕ ಮತ್ತು ಹೀಲಿಯಂ. ತೂಕ ಭೂಮಿಯ 95 ಪಟ್ಟು. ಬಳೆಗಳು ಮಾತ್ರ ಹೆಚ್ಚಾಗಿ ನೀರಿನ ಮಂಜುಗಡ್ಡೆ.

2017ರ ಸೆಪ್ಟೆಂಬರ್ 15ರಂದು ಕಸ್ಸೀನಿ ನೌಕೆಯನ್ನು ಶನಿಯೊಳಗೇ ಬೀಳಿಸಿ ಮುಗಿಸಿದರು. ಆ ಸಂಜೆ ನಾವು ಏಳೆಂಟು ಜನ ಬೆಟ್ಟದ ಮೇಲೆ ಕೂತು ಶನಿಯನ್ನೇ ನೋಡುತ್ತಿದ್ದೆವು. ಯಾರೂ ಜಾಸ್ತಿ ಮಾತಾಡಲಿಲ್ಲ.

ಪಿಯುಸಿ ಹುಡುಗನ ಅಪ್ಪ, ಮಂಡ್ಯ

ಯುರೇನಸ್, ನೆಪ್ಚೂನ್ ಕೂಡ ಇದೇ ಗುಂಪಾ? ನಮ್ಮ ಹುಡುಗ ಅಲ್ಲ ಅಂತಾನೆ.

ಗಂಗೋತ್ರಿ ಭೌತಶಾಸ್ತ್ರ

ನಿಮ್ಮ ಹುಡುಗ ಸರಿ ಸರ್. ಅವನ್ನು ಈಗ ಹಿಮ ದೈತ್ಯ ಅಂತಾರೆ. ಅವುಗಳಲ್ಲಿ ಜಲಜನಕ, ಹೀಲಿಯಂ ಹೊರಗಿನ ಹೊದಿಕೆಯಷ್ಟೇ. ತೂಕದ ಹೆಚ್ಚಿನ ಪಾಲು ನೀರು, ಅಮೋನಿಯ, ಮೀಥೇನ್ ಅಂತ ತಿಳಿಯಲಾಗಿದೆ. ಆದರೆ ಈ ಹೆಸರೂ ದಾರಿ ತಪ್ಪಿಸುತ್ತದೆ. ಒಳಗೆ ಹಿಮದ ಗಡ್ಡೆ ಇಲ್ಲ. ಸಾವಿರಾರು ಡಿಗ್ರಿ ಬಿಸಿಯ ದಟ್ಟವಾದ ಗಂಜಿ. ಮೀಥೇನ್ ಕೆಂಪು ಬೆಳಕನ್ನು ಹೀರುವುದರಿಂದ ನಮಗೆ ನೀಲಿಯಾಗಿ ಕಾಣುತ್ತವೆ. ಯುರೇನಸ್ಸಿನ ಮೋಡದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುವುದು 2018ರಲ್ಲಿ ಖಚಿತವಾಯಿತು.

ಕುವೆಂಪುನಗರದ ಅಮ್ಮ

ಕೊಳೆತ ಮೊಟ್ಟೆ ಅಂದ ಕೂಡಲೇ ಮಗಳು ಮೂಗು ಮುಚ್ಚಿಕೊಂಡಳು. ಅವಳ ಇನ್ನೊಂದು ಪ್ರಶ್ನೆ. ಗುರುವಿನ ನಟ್ಟನಡುವೆ ಏನಿದೆ? ಕಲ್ಲಿನ ಉಂಡೆ ಇದೆಯಾ?

ಗಂಗೋತ್ರಿ ಭೌತಶಾಸ್ತ್ರ

ಮೊದಲು ಹಾಗೇ ಅಂದುಕೊಂಡಿದ್ದರು. ಹಣ್ಣಿನೊಳಗೆ ಗೊರಟೆ ಇದ್ದ ಹಾಗೆ ಕಲ್ಲು, ಲೋಹದ ಗಟ್ಟಿ ತಿರುಳು. 2016ರ ಜುಲೈಯಲ್ಲಿ ಜೂನೋ ನೌಕೆ ಗುರುವಿನ ಸುತ್ತ ಸುತ್ತೋಕೆ ಶುರು ಮಾಡಿತು. ಗುರುವಿನ ಸೆಳೆತ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅನ್ನೋದು ನೌಕೆಯ ವೇಗದಲ್ಲಿ ಎಳ್ಳಷ್ಟು ಏರುಪೇರು ಮಾಡುತ್ತದೆ. ಅದು ರೇಡಿಯೋ ಸಂಕೇತದಲ್ಲಿ ಗೊತ್ತಾಗುತ್ತದೆ. ಅದರಿಂದ ಲೆಕ್ಕ ಹಾಕಿದರೆ ಗೊರಟೆ ಕಾಣಲಿಲ್ಲ. ಕಲ್ಲಿನ ಅಂಶ ಒಳಗಿನ ಜಲಜನಕದಲ್ಲಿ ಕರಗಿ, ತುಂಬ ದೂರದವರೆಗೆ ಹರಡಿಕೊಂಡಿದೆ.

ಅವಳಿಗೆ ಹೀಗೆ ಹೇಳಿ. ತಿಳಿಸಾರು ಸ್ವಲ್ಪ ಹೊತ್ತು ಇಟ್ಟರೆ ಮೇಲೆ ತಿಳಿ, ಕೆಳಗೆ ಹೋದ ಹಾಗೆ ಬೇಳೆ ಜಾಸ್ತಿ. ಸೌಟು ಬಿಟ್ಟರೆ ಎಲ್ಲೂ ಗಟ್ಟಿಯಾಗಿ ತಾಗುವುದಿಲ್ಲ. ಗುರುವಿನ ತಿರುಳು ಹಾಗೆ ಕದಡಿದ ಬೇಳೆ.

ಮೇಲುಕೋಟೆ ಟೆಲಿಸ್ಕೋಪ್

ಇಷ್ಟು ಮಾತಾಡಿದ ಮೇಲೆ ಮಗುವಿಗೆ ಗುರುವನ್ನು ತೋರಿಸಿ ಅಕ್ಕಾ. ಈ 2026ರ ಸಂಕ್ರಾಂತಿ ಹೊತ್ತಿಗೆ ಕತ್ತಲಾದ ಮೇಲೆ ಪೂರ್ವದಲ್ಲಿ, ಪುನರ್ವಸುವಿನ ಜೋಡಿ ನಕ್ಷತ್ರಗಳ ಪಕ್ಕ ಮಿನುಗದೆ ಹೊಳೆಯುವುದೇ ಅದು. ಪಂಚಾಂಗದಲ್ಲೂ ಗುರು ಮಿಥುನ ಅಂತಲೇ ಇದೆ. ಭಾನುವಾರ ನಾವು ಟೆಲಿಸ್ಕೋಪ್ ಹೂಡುತ್ತೇವೆ. ಬನ್ನಿ.

ಪಾಂಡವಪುರ ಆಲೆಮನೆ

ಮೇಲುಕೋಟೆಗೆ ಹೋಗುವ ದಾರಿಯಲ್ಲೇ ನಮ್ಮ ಊರು. ಮಧ್ಯಾಹ್ನ ಬನ್ನಿ ಅಕ್ಕಾ, ಕೊಪ್ಪರಿಗೆ ಒಲೆ ಮೇಲಿರುತ್ತದೆ. ಕಬ್ಬಿನ ಹಾಲು ಕುಡಿದು ಹೋಗಿ.

ಕುವೆಂಪುನಗರದ ಅಮ್ಮ

ನಿನ್ನೆ ಹೋಗಿಬಂದೆವು. ಮಗಳು ಎರಡು ಗಂಟೆ ಕೊಪ್ಪರಿಗೆ ಬಿಟ್ಟು ಕದಲಲಿಲ್ಲ. ಅವರ ತಂದೆ ತಣ್ಣೀರಿನ ಬಟ್ಟಲಿಗೆ ಪಾಕ ಬಿಟ್ಟು ಅವಳ ಕೈಗೇ ಕೊಟ್ಟರು. ಮೊದಲ ಸಲ ಬೆರಳಿನಿಂದ ಜಾರಿತು. ಮೂರನೇ ಸಲ ಉಂಡೆ ಆಯಿತು. “ಯಾವಾಗ ಆಯ್ತು ತಾತಾ?” ಅಂದಳು. “ಆಗ್ತಾನೇ ಇತ್ತು ಕಣವ್ವ” ಅಂದರು.

ರಾತ್ರಿ ಮೇಲುಕೋಟೆಯಲ್ಲಿ ಗುರುವಿನ ಎರಡು ಕಂದು ಪಟ್ಟೆ, ಪಕ್ಕದಲ್ಲಿ ಚುಕ್ಕಿಯಂಥ ಚಂದ್ರರು ಕಂಡವು. ಕಣ್ಣು ತೆಗೆಯದೆ ಕೇಳಿದಳು, ಈಗಲೂ ಅಲ್ಲಿ ಒಳಗೆ ಹೀಲಿಯಂ ಮಳೆ ಬರ್ತಾ ಇದೆಯಾ ಅಂತ. ನೆಲವೇ ಇಲ್ಲ ಅಂದರೆ ಆ ಮಳೆ ಎಲ್ಲಿಗೆ ಬೀಳುತ್ತೆ?

ಗಂಗೋತ್ರಿ ಭೌತಶಾಸ್ತ್ರ

ಈಗಲೂ ಬರುತ್ತಿದೆ ಅಂತಲೇ ತಿಳಿಯಲಾಗಿದೆ ಅಂತ ಹೇಳಿ ಅಕ್ಕಾ. ಕೆಳಗೆ ಹೋದ ಹಾಗೆ ಬಿಸಿ ಜಾಸ್ತಿ. ಒಂದು ಆಳದಲ್ಲಿ ಹನಿಗಳು ಮತ್ತೆ ಜಲಜನಕದಲ್ಲಿ ಕರಗಿಹೋಗುತ್ತವೆ.